ಸೊಲ್ಲಾಪುರ ಕೋಟೆ ಬಳುವಳಿ ತಂದ ಚಾಂದ್ ಬೀಬಿ

ಸೊಲ್ಲಾಪುರ: ಸಿದ್ಧೇಶ್ವರ ಕೆರೆ ದಂಡೆಯ ಕಿಲ್ಲೆಗೆ ಮಕ್ಕಳನ್ನು ಕರ್ಕೊಂಡು ಹೋಗುವ ನಮ್ಮ ಮಂದಿಯಲ್ಲಿ ಎಷ್ಟೋ ಜನಕ್ಕೆ ಅದು ಒಮ್ಮೆ ಮದುವೆಯ ಬಳುವಳಿಯಾಗಿತ್ತು ಅನ್ನೋದು ಗೊತ್ತಿರಲಿಕ್ಕಿಲ್ಲ. ಅಹಮದ್‌ನಗರದ ಸುಲ್ತಾನ ಹುಸೇನ್ ನಿಜಾಮ್ ಶಾಹನ ಮಗಳು ಚಾಂದ್ ಬೀಬಿ, ಬಿಜಾಪುರದ ಅಲಿ ಆದಿಲ್ ಶಾಹನ ಕೈಹಿಡಿದಾಗ ಕೋಟೆಯೂ ಆಕೆಯ ಜೊತೆ ಬಿಜಾಪುರಕ್ಕೆ ಸೇರಿತು.

ಆಕೆಗೆ ಫಾರ್ಸಿ, ಮರಾಠಿ ಜೊತೆಗೆ ಕನ್ನಡವೂ ಬರ್ತಿತ್ತಂತೆ. ಗಂಡನೊಂದಿಗೆ ಕುದುರೆ ಏರಿ ದಂಡಿಗೂ ಹೋಗುತ್ತಿದ್ದಳು. ಬಿಜಾಪುರದ ಚಾಂದ್ ಬಾವಡಿಗೆ ಇರೋದು ಆಕೆಯದೇ ಹೆಸರು.

1580ರಲ್ಲಿ ಗಂಡನ ಕೊಲೆಯಾಯಿತು. ಮಕ್ಕಳಿರಲಿಲ್ಲ. ರಾಜ್ಯ ನಡೆಸುವ ಬುದ್ಧಿ ಚಾಂದ್ ಬೀಬಿಗಿದ್ದರೂ ಗದ್ದುಗೆ ಏರಿದ್ದು ಒಂಬತ್ತು ವರ್ಷದ ಹುಡುಗ ಇಬ್ರಾಹಿಂ. ಆ ಸುಲ್ತಾನರ ದರ್ಬಾರುಗಳಲ್ಲಿ ಮಸೀದಿಯ ಖುತ್ಬಾ, ಟಂಕಸಾಲೆಯ ನಾಣ್ಯ ಎರಡೂ ಗಂಡಸಿನ ಹೆಸರಲ್ಲೇ ಆಗಬೇಕು. ಹೆಣ್ಣು ಆಳಬೇಕಾದರೆ ಹುಡುಗನನ್ನು ಮುಂದೆ ಕೂರಿಸಿಯೇ ಆಳಬೇಕು. ಆಕೆಯ ತಾಯಿ ಖುಂಜಾ ಹುಮಾಯೂನ್ ಅಹಮದ್‌ನಗರದಲ್ಲಿ ಹಾಗೇ ಆಳಿದ್ದಳು, ಕೊನೆಗೆ ಹೆತ್ತ ಮಗನೇ ಸೆರೆಗೆ ಹಾಕಿಸಿದ.

ಮಗಳ ಗತಿಯೂ ಬೇರೆಯಾಗಲಿಲ್ಲ. ಹುಡುಗ ಯಾರ ಕೈಲಿದ್ದಾನೋ ರಾಜ್ಯ ಅವರದು ಎಂದು ಸರದಾರರು ಲೆಕ್ಕ ಹಾಕಿದರು. ಮೊದಲು ಕಾಮಿಲ್ ಖಾನ್, ಆಮೇಲೆ ಕಿಶ್ವರ್ ಖಾನ್. ಈ ಕಿಶ್ವರ್ ಖಾನ್ ಆಕೆಯನ್ನು ಸಾತಾರಾ ಕೋಟೆಯಲ್ಲಿ ಬಂಧಿಸಿಟ್ಟ. ಬಿಡಿಸಿದವನು ಹಬ್ಶಿ ಸರದಾರ ಇಖ್ಲಾಸ್ ಖಾನ್. ಮುಂದೆ ದಿಲಾವರ್ ಖಾನ್ ಬಂದ, ಅಧಿಕಾರ ಮತ್ತೆ ಕೈತಪ್ಪಿತು.

ಕೆಲ ವರ್ಷಕ್ಕೆ ತವರೂ ಹೊತ್ತಿಕೊಂಡಿತು. 1595ರಲ್ಲಿ ಅಹಮದ್‌ನಗರದ ದರ್ಬಾರಿನಲ್ಲಿ ನಾಲ್ಕು ಗುಂಪು. ಮಿಯಾನ್ ಮಂಜು ಎಂಬ ಸರದಾರ ಮೊಗಲರನ್ನೇ ಸಹಾಯಕ್ಕೆ ಕರೆದ! ಅಕ್ಬರನ ಮಗ ಮುರಾದ್ ದಂಡು ತಂದು ಮುತ್ತಿದ. ಚಾಂದ್ ಬೀಬಿ ತಮ್ಮನ ಮೊಮ್ಮಗ, ಕೂಸು ಬಹಾದ್ದೂರನ ಹೆಸರಲ್ಲಿ ಕೋಟೆ ಹಿಡಿದು ನಿಂತಳು. ಗೋಡೆ ಕೆಳಗೆ ಮೊಗಲರು ಮದ್ದು ತುಂಬಿದ ಸುದ್ದಿ ತಿಳಿದು ಎರಡು ಸುರಂಗ ಖಾಲಿ ಮಾಡಿಸಿದಳು. ಮತ್ತೊಂದು ಸಿಡಿದೇಬಿಟ್ಟಿತು, ಗೋಡೆ ಉರುಳಿತು. ಮುಖಕ್ಕೆ ಮುಸುಕು, ಕೈಯಲ್ಲಿ ಖಡ್ಗ, ಆಕೆ ಒಡಕಿನ ಬಾಯಿಗೇ ಬಂದು ನಿಂತಳು. ಓಡಲು ಹೊರಟವರು ತಿರುಗಿದರು. ರಾತ್ರೋರಾತ್ರಿ ಗೋಡೆ ಎದ್ದಿತು. 1596ರಲ್ಲಿ ವರ್ಹಾಡ ಪ್ರಾಂತ ಬಿಟ್ಟುಕೊಟ್ಟು ಒಪ್ಪಂದವಾಯಿತು, ಅಹಮದ್‌ನಗರ ಉಳೀತು.

ಆದರೆ ಒಳಗಿನವರ ಜಗಳ ನಿಲ್ಲಲಿಲ್ಲ. ಮೊಗಲರು ಮತ್ತೆ ಬಂದರು, ಈ ಸಲ ರಾಜಕುಮಾರ ದಾನಿಯಾಲ್. ಕೋಟೆ ನಿಲ್ಲೋದಿಲ್ಲ ಎಂದು ಆಕೆಗೆ ಅನ್ನಿಸಿತು. ಮಗುವಿನ ಜೀವಕ್ಕೆ ಭರವಸೆ ಪಡೆದು ಒಪ್ಪಿಸಿಬಿಡೋಣ ಎಂಬ ವಿಚಾರ ಮುಂದಿಟ್ಟಳು. ಇದೇ ಮಾತು ಸರದಾರನೊಬ್ಬ ಆಡಿದ್ದರೆ ಮುತ್ಸದ್ದಿ ಅನ್ನುತ್ತಿದ್ದರೇನೋ. ಮೊಗಲರಿಗೆ ಮಾರಿಕೊಂಡಳೆಂದು ಹಮೀದ್ ಖಾನ್ ಗುಲ್ಲೆಬ್ಬಿಸಿದ. ಗುಂಪು ಜನಾನಾಕ್ಕೆ ನುಗ್ಗಿತು. 1600ರಲ್ಲಿ ತನ್ನವರ ಕೈಯಲ್ಲೇ ಆಕೆ ಸತ್ತಳು. ಕೆಲವೇ ದಿನಕ್ಕೆ ಕೋಟೆ ಬಿತ್ತು, ಬಹಾದ್ದೂರ್ ಗ್ವಾಲಿಯರ್ ಸೆರೆಗೆ ಹೋದ.

ಅಹಮದ್‌ನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ ಹೋದವರು ಹತ್ತಿರದ ಗುಡ್ಡದ ಮೇಲಿನ ಚಾಂದ್ ಬೀಬಿ ಮಹಲ್ ನೋಡಿ ಬರುತ್ತಾರೆ. ಹೆಸರು ಹಾಗಿದ್ದರೂ ಅದು ನಿಜಾಮ್‌ಶಾಹಿ ಮಂತ್ರಿ ಸಲಾಬತ್ ಖಾನನ ಗೋರಿ.