ಉಕ್ಕಿನ ತುಂಡು ಹಾಡಿದ ಕಥೆ

ಹೋದ ಬೇಸಗೆಯಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ತನ್ನ ಅಜ್ಜನ ಏಕತಾರಿಯನ್ನು ನನಗೆ ತೋರಿಸಲೆಂದು ತಂದಿದ್ದನು. ತತ್ತ್ವಪದಗಳನ್ನು ಹಾಡುತ್ತಿದ್ದ ಆ ಹಿರಿಯರ ಕೈಯಲ್ಲಿ ಎಷ್ಟೋ ವರ್ಷ ಮಿಡಿದ ವಾದ್ಯವದು. ವಾಡಿಯ ಬಿಸಿಲಿಗೆ ಅದರ ಸೋರೆಬುರುಡೆಯು ಬಿರುಕು ಬಿಟ್ಟಿದ್ದಿತು. ಹುಡುಗನು ಅದನ್ನು ಬಿಚ್ಚಿ, ಫೈಬರಿನ ಬುರುಡೆಯೊಂದನ್ನು ಕೂಡಿಸಿದ್ದನು. ಕಂಡೊಡನೆ ನನಗೆ ಸಿಟ್ಟು ಬಂದಿತು. ಬುರುಡೆ ಹೋದ ಮೇಲೆ ಏಕತಾರಿ ಎಲ್ಲಿ ಉಳಿಯಿತೆಂದು ಗದರಿಸಿದೆ. ಅವನು ಮರುಮಾತಾಡದೆ ಹೊರಟುಹೋದನು. ಆ ಮೌನವು ನನ್ನನ್ನು ಬಹುದಿನ ಕಾಡಿತು. ವಾದ್ಯವೆಂದರೆ ಮರವೇ, ತಂತಿಯೇ, ನುಡಿಸುವ ಕೈಯೇ? ಈ ಪ್ರಶ್ನೆಯನ್ನು ಹಿಡಿದು ಓದುತ್ತಿದ್ದಾಗ ನನ್ನ ಕಣ್ಣಿಗೆ ಬಿದ್ದದ್ದು ಹವಾಯಿ ದ್ವೀಪದ ಜೋಸೆಫ್ ಕೆಕುಕುವಿನ ಜೀವನ.

ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸುತ್ತ ನುಡಿಸುವ ಕ್ರಮವನ್ನು ವಾಚಕರು ಬಲ್ಲರು. ನಮ್ಮವರು ಅದನ್ನು ಹವಾಯಿಯನ್ ಗಿಟಾರ್ ಎನ್ನುತ್ತಾರೆ. ಹೊರನಾಡುಗಳಲ್ಲಿ ಅದು ಸ್ಟೀಲ್ ಗಿಟಾರ್. ಆ ಹೆಸರು ಬಂದದ್ದು ವಾದ್ಯದ ಒಡಲಿನಿಂದಲ್ಲ, ಕೈಯಲ್ಲಿ ಹಿಡಿದ ಉಕ್ಕಿನಿಂದ. ಆ ಉಕ್ಕನ್ನು ಹಿಡಿದವರಲ್ಲಿ ಮೊದಲಿಗನೆಂದು ಲೋಕವು ಕೆಕುಕುವನ್ನು ಒಪ್ಪಿಕೊಂಡಿದೆ.

ಆತನು ಹುಟ್ಟಿದ್ದು 1874ರ ಡಿಸೆಂಬರಿನಲ್ಲಿ, ಓಹು ದ್ವೀಪದ ಲಾಯಿಯೆ ಎಂಬ ಹಳ್ಳಿಯಲ್ಲಿ. ಸಿಕಂದರಾಬಾದಿನಿಂದ ನಮ್ಮ ವಾಡಿಗೆ ನಿಜಾಮರ ರೈಲು ಬಂದದ್ದೂ ಅದೇ ವರ್ಷ. ಈ ಹೋಲಿಕೆ ಕೇವಲ ಕಾಕತಾಳೀಯ; ಆದರೂ ರೈಲುಕಂಬಿಗಳ ನಡುವೆ ಬದುಕುವ ನನಗೆ ಅದು ಹಿತವೆನಿಸಿತು. ಏಕೆಂದರೆ ಕೆಕುಕುವಿನ ಕಥೆಯಲ್ಲಿಯೂ ಒಂದು ರೈಲುಹಾದಿಯಿದೆ. ಹೊನೊಲುಲುವಿನ ಕಮೆಹಮೆಹಾ ಶಾಲೆಯ ವಿದ್ಯಾರ್ಥಿಯಾಗಿದ್ದ ಹುಡುಗನು, 1889ರ ಸುಮಾರಿಗೆ, ಗಿಟಾರ್ ಮಿಡಿಯುತ್ತ ಕಂಬಿಗಳ ಪಕ್ಕದಲ್ಲಿ ನಡೆಯುತ್ತಿದ್ದಾಗ ಬಿದ್ದಿದ್ದ ಬೋಲ್ಟೊಂದನ್ನು ಎತ್ತಿಕೊಂಡನಂತೆ. ಅದು ತಂತಿಗೆ ತಗುಲಿ ಹೊಸದೊಂದು ನಾದ ಹೊಮ್ಮಿತಂತೆ. ಬೋಲ್ಟಲ್ಲ, ಬಾಚಣಿಗೆಯೆನ್ನುವವರೂ ಉಂಟು. ಯಾವುದೇ ಆಗಿರಲಿ, ಆಕಸ್ಮಿಕವನ್ನು ಆತನು ಆಕಸ್ಮಿಕವಾಗಿಯೇ ಬಿಡಲಿಲ್ಲ. ಶಾಲೆಯ ಕಾರ್ಯಾಗಾರದಲ್ಲಿ ಉಕ್ಕಿನ ತುಂಡೊಂದನ್ನು ನಯವಾಗಿ ಮಾಡಿಕೊಂಡನು. ಅದು ಕೆಳಗಿನ ಮೆಟ್ಟಿಲುಗಳಿಗೆ ತಾಗದಂತೆ ತಂತಿಗಳನ್ನು ಮೇಲೆತ್ತಿ ಕಟ್ಟಿದನು. ಸ್ವರದಿಂದ ಸ್ವರಕ್ಕೆ ನೆಗೆಯುತ್ತಿದ್ದ ವಾದ್ಯವು ಅಂದಿನಿಂದ ಕಂಠದಂತೆ ಜಾರತೊಡಗಿತು.

ಆತನಿಗಿಂತ ಮೊದಲೇ, ಭಾರತದಲ್ಲಿ ಹುಟ್ಟಿದ ಗೇಬ್ರಿಯಲ್ ಡೇವಿಯನ್ ಎಂಬ ನಾವಿಕನು ಹೊನೊಲುಲುವಿನಲ್ಲಿ ಹೀಗೆ ನುಡಿಸುತ್ತಿದ್ದನೆಂಬ ವಾದವೂ ಇದೆ. ನಮ್ಮಲ್ಲಿ ಗೋಟುವಾದ್ಯವೂ ವಿಚಿತ್ರವೀಣೆಯೂ ಇರುವುದರಿಂದ ಈ ಮಾತು ನಮಗೆ ಪ್ರಿಯವಾಗುವುದು ಸಹಜ. ಆದರೆ ಎಂದೋ ಒಮ್ಮೆ ನುಡಿಸಿ ತೋರಿಸುವುದು ಬೇರೆ, ಅದನ್ನೇ ವಿದ್ಯೆಯಾಗಿ ಬೆಳೆಸಿ ಲೋಕಕ್ಕೆ ಕಲಿಸುವುದು ಬೇರೆ. ಎರಡನೆಯದನ್ನು ಮಾಡಿದವನು ಕೆಕುಕು.

ಆತನ ಯೌವನವು ನಾಡು ಕೈಬಿಟ್ಟುಹೋದ ಕಾಲ. 1893ರಲ್ಲಿ ಹವಾಯಿಯ ರಾಣಿ ಲಿಲಿಉಓಕಲಾನಿಯ ಸಿಂಹಾಸನ ಉರುಳಿತು. 1896ರಲ್ಲಿ ಶಾಲೆಗಳಿಂದ ಹವಾಯಿ ಭಾಷೆ ಹೊರಬಿದ್ದಿತು. 1898ರಲ್ಲಿ ದ್ವೀಪಗಳು ಅಮೆರಿಕೆಗೆ ಸೇರಿಹೋದವು. ಪಾಠಶಾಲೆಯಲ್ಲಿ ತಾಯ್ನುಡಿಗೆ ಎಡೆಯಿಲ್ಲದ ದಿನಗಳನ್ನು ಕಂಡ ನಮ್ಮ ಸೀಮೆಯ ಹಿರಿಯರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದ್ದಿಲ್ಲ. 1904ರಲ್ಲಿ ಕೆಕುಕು ದ್ವೀಪವನ್ನು ಬಿಟ್ಟು ಅಮೆರಿಕೆಯ ಪಶ್ಚಿಮ ತೀರಕ್ಕೆ ಹೊರಟನು. ಅಲ್ಲಿ ರಂಗಮಂಚಗಳಲ್ಲಿ ನುಡಿಸಿದನು, ಶಿಷ್ಯರಿಗೆ ಪಾಠ ಹೇಳಿದನು. 1915ರಲ್ಲಿ ಸಾನ್ ಫ್ರಾನ್ಸಿಸ್ಕೋದ ಮಹಾಪ್ರದರ್ಶನದ ತರುವಾಯ ಹವಾಯಿಯ ಸಂಗೀತವು ಅಮೆರಿಕೆಯನ್ನೆಲ್ಲ ಆವರಿಸಿತು. 1919ರಿಂದ ಸುಮಾರು ಎಂಟು ವರ್ಷ, ಸ್ವರ್ಗದ ಹಕ್ಕಿಯ ಹೆಸರಿನ ನಾಟಕವೊಂದರ ಮೇಳದೊಡನೆ ಆತನು ಯೂರೋಪನ್ನು ಸುತ್ತಿದನು.

ಆತನ ಕಾಲದ ಗಿಟಾರುಗಳು ಮರದವು. ಹವಾಯಿಯ ಕೋವಾ ಮರವು ಅವುಗಳಿಗೆ ಹೆಸರುವಾಸಿ. ಅಲ್ಲಿ ತಂತಿಯ ಕಂಪನವನ್ನು ಹಿಗ್ಗಿಸಿ ಹೊರಗೆ ಬಿಡುವುದು ಮೇಲುಹಲಗೆಯೇ. ಆದ್ದರಿಂದ ಮರದ ಗುಣವೇ ದನಿಯ ಗುಣ. ಆದರೆ ಸಭಾಗೃಹಗಳು ದೊಡ್ಡವಾದಂತೆ ಮರದ ಮೆಲುದನಿ ಸಾಲದಾಯಿತು. 1927ರಲ್ಲಿ ಜಾನ್ ಡೋಪ್ಯೇರಾ ಮತ್ತು ಜಾರ್ಜ್ ಬೋಷಾಂ ಎಂಬವರು ಲೋಹದ ಒಡಲಿನೊಳಗೆ ಅಲ್ಯೂಮಿನಿಯಂ ಶಂಕುಗಳನ್ನು ಇಟ್ಟ ಗಿಟಾರನ್ನು ಹೊರತಂದರು. ಬಳಿಕ ಬೋಷಾಂ, ಅಡಾಲ್ಫ್ ರಿಕನ್‌ಬ್ಯಾಕರನೊಡನೆ ಕೂಡಿ ವಿದ್ಯುತ್ ಗಿಟಾರನ್ನು ಮಾಡಿದನು. ಉಕ್ಕಿನ ತಂತಿಯು ಅಯಸ್ಕಾಂತದ ನಡುವೆ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ಅದೇ ದನಿಯಾಗುತ್ತದೆ. ಮರದಲ್ಲಿ ಮಾದರಿ ಮಾಡಿ, ಎರಕದ ಅಲ್ಯೂಮಿನಿಯಂನಲ್ಲಿ ಮಾರಾಟಕ್ಕೆ ತಂದ ಆ ವಾದ್ಯವು ಕಾವಲಿಯನ್ನು ಹೋಲುತ್ತಿದ್ದುದರಿಂದ ಅದೇ ಹೆಸರು ನಿಂತಿತು.

ಇಲ್ಲಿಗೆ ಒಡಲಿನ ಕೆಲಸವೇ ಬದಲಾಯಿತು. ಹಾಡುವುದಕ್ಕಿಂತ, ತಂತಿಯನ್ನು ಅಲುಗದಂತೆ ಹಿಡಿದಿರುವುದು ಅದರ ಮುಖ್ಯ ಧರ್ಮವಾಯಿತು. ಆದರೆ ಅಲ್ಯೂಮಿನಿಯಂ ಶಾಖಕ್ಕೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ರಂಗದ ದೀಪಗಳ ಬಿಸಿಗೆ ಶ್ರುತಿ ತಪ್ಪುತ್ತಿದ್ದಿತು. ಅದಕ್ಕೆಂದೇ 1935ರಲ್ಲಿ ಬೇಕಲೈಟಿನ ಗಿಟಾರು ಬಂದಿತು. ರಾಳಕ್ಕೆ ಮರದ ಹುಡಿಯಂಥ ವಸ್ತುಗಳನ್ನು ಬೆರೆಸಿ ಅಚ್ಚಿಗೆ ಒತ್ತುವ ಬೇಕಲೈಟು, ಇಂದಿನ ಮಿಶ್ರವಸ್ತುಗಳ ಹಿರಿಯಣ್ಣ. ಅದರ ತಮ್ಮನಾದ ಕಾರ್ಬನ್ ಫೈಬರಿನಿಂದಲೂ ಈ ಶತಮಾನದಲ್ಲಿ ಸ್ಟೀಲ್ ಗಿಟಾರುಗಳು ಆಗಿವೆ. ಅವು ಹಗುರ, ಮಳೆಬಿಸಿಲಿಗೆ ಅಲುಗವು. ಮರವು ತೇವಕ್ಕೆ ಉಬ್ಬುತ್ತದೆ, ಒಣಹವೆಗೆ ಸೀಳುತ್ತದೆ. ಆದರೂ ಮರದ ದನಿಯ ಬೆಚ್ಚನೆಯ ಗುಣವನ್ನು ಬಿಟ್ಟುಕೊಡಲೊಲ್ಲದ ವಾದಕರಿದ್ದಾರೆ. ಈ ವ್ಯಾಜ್ಯ ಇನ್ನೂ ತೀರಿಲ್ಲ.

ಕೆಕುಕು ಅದನ್ನು ಕಾಣಲು ಉಳಿಯಲಿಲ್ಲ. ಯೂರೋಪಿನಿಂದ ಮರಳಿ ಶಿಕಾಗೋದಲ್ಲಿ ಸಂಗೀತಶಾಲೆ ನಡೆಸಿ, ಕೊನೆಗೆ ನ್ಯೂ ಜೆರ್ಸಿಯ ಡೋವರ್ ಪಟ್ಟಣದಲ್ಲಿ ನೆಲಸಿದನು. 1932ರ ಜನವರಿಯಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ, ತೀರಿಕೊಂಡನು. ಆ ವಿದ್ಯುತ್ ಗಿಟಾರು ಪೇಟೆಗೆ ಬಂದದ್ದು ಅದೇ ವರ್ಷ. ಅದರ ಹಕ್ಕುಪತ್ರವು 1937ರಲ್ಲಿ ಬೋಷಾಂನ ಹೆಸರಿಗೆ ದೊರೆಯಿತು. ಉಕ್ಕನ್ನು ತಂತಿಯ ಮೇಲೆ ಜಾರಿಸುವ ವಿದ್ಯೆಯನ್ನು ಬೆಳೆಸಿದವನಾದರೋ ಸಮುದ್ರದಾಚೆಯ ಹಳ್ಳಿಯಿಂದ ಬಹುದೂರದಲ್ಲಿ, ಮಣ್ಣಿನಲ್ಲಿ ಮಲಗಿದ್ದನು.

ಆತನ ಕೈಯ ನಡೆ ಮಾತ್ರ ನಿಲ್ಲಲಿಲ್ಲ. ಲಾಯಿಯೆಯಲ್ಲಿಯೇ ಬೆಳೆದ ಟೌ ಮೋ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿದ್ದು ಈ ವಾದನವನ್ನು ನಮ್ಮ ದೇಶದಲ್ಲಿ ಹರಡಿದನು. ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ಹಿಂದುಸ್ತಾನಿ ರಾಗಗಳನ್ನು ಅರಳಿಸಿದರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆಯವರು ಅದೇ ಹಾದಿಯವರು. ಇತ್ತ ಮೈಸೂರಿನಲ್ಲಿ ಹುಟ್ಟಿದ ರವಿಕಿರಣರು ಗೋಟುವಾದ್ಯವನ್ನು ಟೆಫ್ಲಾನಿನ ಗೋಟಿನಿಂದ ನುಡಿಸಿದರು. ರಾಗವು ಅದನ್ನು ಒಲ್ಲೆನೆನ್ನಲಿಲ್ಲ.

ಇಷ್ಟನ್ನು ಓದಿದ ಮೇಲೆ ಆ ವಿದ್ಯಾರ್ಥಿಯನ್ನು ಮನೆಗೆ ಕರೆದು, ಅಂದು ಗದರಿಸಿದ್ದು ತಪ್ಪಾಯಿತೆಂದು ಒಪ್ಪಿಕೊಂಡೆ. ಅವನು ಏಕತಾರಿಯನ್ನು ಮಿಡಿದು ಅಜ್ಜನ ಪದವೊಂದನ್ನು ಹಾಡಿದನು. ದನಿಯಲ್ಲಿ ವ್ಯತ್ಯಾಸವಿಲ್ಲವೆಂದು ನಾನು ಹೇಳಲಾರೆ. ಹಳೆಯ ಬುರುಡೆಯ ಗುಂಯ್‌ಗುಡುವ ಗಾಂಭೀರ್ಯ ಅದರಲ್ಲಿ ಕೊಂಚ ಕಡಿಮೆಯೇ. ಆದರೆ ಪದವು ಪದವಾಗಿಯೇ ಬಂದಿತು, ಅಜ್ಜನು ಎಳೆಯುತ್ತಿದ್ದನೆಂಬ ಎಳೆತವೂ ಬಂದಿತು. ಬಿರುಕುಬಿಟ್ಟ ಬುರುಡೆಯನ್ನು ಏನು ಮಾಡಿದೆಯೆಂದು ಕೇಳಿದೆ. ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿರುವುದಾಗಿಯೂ, ಅದರೊಳಗಿದ್ದ ಒಂದೆರಡು ಬೀಜಗಳನ್ನು ಹಿತ್ತಿಲಲ್ಲಿ ಊರಿ ನೋಡಿದುದಾಗಿಯೂ ಹೇಳಿದನು. ಹಳೆಯ ಬೀಜ, ಮೊಳೆಯಲಿಲ್ಲ. ಈ ಮಳೆಗಾಲಕ್ಕೆ ಸಂತೆಯಿಂದ ಹೊಸ ಬೀಜ ತರುತ್ತಾನಂತೆ.