ಮದಾಮ್ ದ್ಯು ಶಾತಲೆ

ಮರದಿಂದ ಕಳಚಿದ ಹಣ್ಣು ನೆಲಕ್ಕೆ ಬೀಳುವುದನ್ನೂ ಚಂದ್ರನು ಭೂಮಿಯನ್ನು ಬಿಟ್ಟಗಲದೆ ಸುತ್ತುವುದನ್ನೂ ಒಂದೇ ನಿಯಮವು ಆಳುತ್ತದೆಂದು ಐಸಾಕ್ ನ್ಯೂಟನ್ನನು 1687ನೆಯ ಇಸವಿಯಲ್ಲಿ ಪ್ರಕಟವಾದ ತನ್ನ ಪ್ರಿನ್ಸಿಪಿಯಾ ಗ್ರಂಥದಲ್ಲಿ ತೋರಿಸಿಕೊಟ್ಟನು. ಪ್ರತಿಯೊಂದು ವಸ್ತುವೂ ಇತರ ಪ್ರತಿಯೊಂದು ವಸ್ತುವನ್ನು ತನ್ನೆಡೆಗೆ ಸೆಳೆಯುವುದು. ದ್ರವ್ಯರಾಶಿಯು ಹೆಚ್ಚಿದಂತೆ ಸೆಳೆತವು ಹೆಚ್ಚುವುದು. ನಡುವಣ ದೂರವು ಎರಡರಷ್ಟಾದರೆ ಸೆಳೆತವು ನಾಲ್ಕರಲ್ಲೊಂದು ಪಾಲಿಗೆ, ಮೂರರಷ್ಟಾದರೆ ಒಂಬತ್ತರಲ್ಲೊಂದು ಪಾಲಿಗೆ ಇಳಿಯುವುದು. ಇದನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿರುವೆವು. ಆದರೆ ಆ ಗ್ರಂಥವು ಲ್ಯಾಟಿನ್ ಭಾಷೆಯಲ್ಲಿಯೂ ಕಠಿನವಾದ ರೇಖಾಗಣಿತದಲ್ಲಿಯೂ ರಚಿತವಾಗಿದ್ದಿತು. ಅದನ್ನು ಫ್ರೆಂಚ್ ಜನರಿಗೆ ತೆರೆದುಕೊಟ್ಟವಳು ಓರ್ವ ಸ್ತ್ರೀ. ಆಕೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು.

ಎಮಿಲಿಯು 1706ನೆಯ ಇಸವಿ ಡಿಸೆಂಬರ್ 17ರಂದು ಪ್ಯಾರಿಸ್ ನಗರದಲ್ಲಿ ಜನಿಸಿದಳು. ಆಕೆಯ ತಂದೆಯು ಹದಿನಾಲ್ಕನೆಯ ಲೂಯಿ ಅರಸನ ಆಸ್ಥಾನದಲ್ಲಿ ಅಧಿಕಾರಿಯಾಗಿದ್ದನು. ಹೆಣ್ಣುಮಕ್ಕಳಿಗೆ ಹೊಲಿಗೆ, ಸಂಗೀತಗಳೇ ಸಾಕೆಂದು ಜನರು ಎಣಿಸುತ್ತಿದ್ದ ಆ ಕಾಲದಲ್ಲಿ ಆತನು ಮಗಳಿಗೆ ಮನೆಯಲ್ಲಿಯೇ ಲ್ಯಾಟಿನ್ ಮುಂತಾದ ವಿದ್ಯೆಗಳನ್ನು ಕಲಿಸಿದನು. 1725ರಲ್ಲಿ ಆಕೆಗೆ ಶಾತಲೆ ಮನೆತನದ ಸೇನಾಧಿಕಾರಿಯೊಡನೆ ವಿವಾಹವಾಯಿತು. ಮಕ್ಕಳ ತಾಯಿಯಾದ ಬಳಿಕವೂ ಆಕೆಯ ವಿದ್ಯಾಭಿಲಾಷೆಯು ಕುಂದಲಿಲ್ಲ. ಮೋಪರ್ತ್ವೀ, ಕ್ಲೇರೋ ಎಂಬ ಗಣಿತಜ್ಞರಿಂದ ಆಕೆಯು ಪಾಠ ಹೇಳಿಸಿಕೊಂಡಳು.

ಗ್ರಹಗಳು ಯಾವುದೋ ಸೂಕ್ಷ್ಮ ದ್ರವ್ಯದ ಸುಳಿಗಳಲ್ಲಿ ಸಿಲುಕಿ ತಿರುಗುತ್ತವೆಂಬ ದೆಕಾರ್ತನ ಮತವೇ ಆಗ ಫ್ರಾನ್ಸಿನಲ್ಲಿ ಪ್ರಬಲವಾಗಿತ್ತು. ನಡುವೆ ಯಾವ ಕೊಂಡಿಯೂ ಇಲ್ಲದೆ ಸೂರ್ಯನು ಗ್ರಹಗಳನ್ನು ಸೆಳೆಯುವನೆಂಬ ಮಾತು ಅನೇಕರಿಗೆ ಮಾಟದಂತೆ ಕಂಡಿತು. ಸಿರೆ ಎಂಬ ಹಳ್ಳಿಯ ತನ್ನ ಮನೆಯಲ್ಲಿ ಎಮಿಲಿಯು ಮಿತ್ರನಾದ ವೋಲ್ಟೇರನೊಡನೆ ನ್ಯೂಟನ್ನನ ತತ್ತ್ವಗಳನ್ನು ಅಭ್ಯಾಸ ಮಾಡಿದಳು. ವೋಲ್ಟೇರನು 1738ರಲ್ಲಿ ಆ ತತ್ತ್ವಗಳ ಕುರಿತು ಪ್ರಕಟಿಸಿದ ಪುಸ್ತಕಕ್ಕೆ ಆಕೆಯ ಸಹಾಯವು ವಿಶೇಷವಾಗಿತ್ತು.

ಪ್ಯಾರಿಸಿನ ವಿಜ್ಞಾನ ಅಕಾಡೆಮಿಯಲ್ಲಿ ಸ್ತ್ರೀಯರಿಗೆ ಸದಸ್ಯತ್ವವಿರಲಿಲ್ಲ. ಆದರೂ ಅದು ಏರ್ಪಡಿಸಿದ ಸ್ಪರ್ಧೆಗೆ ಎಮಿಲಿಯು ರಾತ್ರಿವೇಳೆ ಗುಟ್ಟಾಗಿ ಕುಳಿತು ಅಗ್ನಿಯನ್ನು ಕುರಿತು ಪ್ರಬಂಧವನ್ನು ಬರೆದು ಕಳುಹಿಸಿದಳು. ಬಹುಮಾನವು ದೊರೆಯದಿದ್ದರೂ ಅಕಾಡೆಮಿಯು ಅದನ್ನು ಅಚ್ಚು ಹಾಕಿಸಿತು. 1740ರಲ್ಲಿ ಆಕೆಯು ತನ್ನ ಮಗನ ಪಾಠಕ್ಕೆಂದು ಬರೆದ ಭೌತಶಾಸ್ತ್ರದ ಪುಸ್ತಕವು ಪ್ರಕಟವಾಯಿತು.

ಆ ಮೇಲೆ ಆಕೆಯು ಪ್ರಿನ್ಸಿಪಿಯಾ ಗ್ರಂಥವನ್ನೆಲ್ಲ ಭಾಷಾಂತರಿಸಲು ಕೈಹಾಕಿದಳು. ಬರಿಯ ಭಾಷಾಂತರವು ಸಾಲದೆಂದು ತಿಳಿದು ಅದಕ್ಕೆ ತನ್ನದೇ ವ್ಯಾಖ್ಯಾನವನ್ನು ಸೇರಿಸಿ, ಕೆಲವು ಸಮಸ್ಯೆಗಳನ್ನು ಹೊಸ ಗಣಿತದ ರೀತಿಯಿಂದಲೂ ಬಿಡಿಸಿದಳು. ಕಾರ್ಯವು ಮುಗಿಯುವ ಮೊದಲೇ, ನಾಲ್ವತ್ತೆರಡನೆಯ ವಯಸ್ಸಿನಲ್ಲಿ, ಆಕೆಯು ತಿರುಗಿ ಗರ್ಭಿಣಿಯಾದಳು. ಆ ವಯಸ್ಸಿನ ಹೆರಿಗೆಯಲ್ಲಿ ತಾಯಿಯು ಬದುಕುವುದು ಆಗ ನಿಶ್ಚಯವಿರಲಿಲ್ಲ. ಆಕೆಯು ಇದನ್ನು ಬಲ್ಲವಳಾಗಿ ಜನಸಂಪರ್ಕವನ್ನು ತ್ಯಜಿಸಿ ರಾತ್ರಿಯು ಬಹಳ ಹೊತ್ತು ಕಳೆಯುವ ತನಕ ಬರೆಯುತ್ತಿದ್ದಳು. ಕಡೆಗೆ ಹಸ್ತಪ್ರತಿಯನ್ನು ಸಿದ್ಧಪಡಿಸಿ, ಅದು ನಷ್ಟವಾಗದಿರಲೆಂದು ಅರಸನ ಗ್ರಂಥಾಲಯಕ್ಕೆ ಒಪ್ಪಿಸಿದಳು. 1749ನೆಯ ಇಸವಿ ಸೆಪ್ಟೆಂಬರ್ 4ರಂದು ಲ್ಯುನೆವಿಲ್ ಎಂಬಲ್ಲಿ ಹೆಣ್ಣುಶಿಶುವನ್ನು ಹೆತ್ತು, 10ರಂದು ಮರಣಹೊಂದಿದಳು.

ಗ್ರಂಥವು ಪೂರ್ಣವಾಗಿ ಪ್ರಕಟವಾದದ್ದು 1759ರಲ್ಲಿ. ಆ ವರುಷವೇ ಹ್ಯಾಲಿಯ ಧೂಮಕೇತುವು ಸೂರ್ಯನ ಬಳಿಗೆ ಮರಳಿತು. ಗುರು ಮತ್ತು ಶನಿಗ್ರಹಗಳ ಆಕರ್ಷಣದಿಂದ ಅದು ಎಷ್ಟು ತಡವಾಗುವುದೆಂದು ಎಮಿಲಿಯ ಗುರುವಾದ ಕ್ಲೇರೋ ಮತ್ತು ಲಲಾಂದ್ ಎಂಬವರೂ ಮದಾಮ್ ಲಪೋತ್ ಎಂಬ ಇನ್ನೋರ್ವ ಮಹಿಳೆಯೂ ಮೊದಲೇ ಲೆಕ್ಕಹಾಕಿದ್ದರು. ಆ ಲೆಕ್ಕವು ಸುಮಾರು ಒಂದು ತಿಂಗಳಷ್ಟೇ ತಪ್ಪಿತು. ನ್ಯೂಟನ್ನನ ನಿಯಮವನ್ನು ಸಂದೇಹಿಸುತ್ತಿದ್ದವರಿಗೆ ಇದು ದೊಡ್ಡ ಪ್ರಮಾಣವಾಯಿತು. ಅದನ್ನು ನೋಡುವ ಭಾಗ್ಯವು ಎಮಿಲಿಗೆ ಇರಲಿಲ್ಲ. ಆದರೆ ಆಕೆಯ ಭಾಷಾಂತರವು ಇಂದಿಗೂ ಫ್ರೆಂಚರ ಕೈಯಲ್ಲಿದೆ.

ಹುಡುಗಿಗೆ ಲ್ಯಾಟಿನ್ ಏತಕ್ಕೆ, ಗಣಿತವೇತಕ್ಕೆ ಎಂದು ಆ ತಂದೆಯು ಅಂದು ಕೇಳಿದ್ದರೆ ಒಂದು ಜನಾಂಗವು ಈ ಗ್ರಂಥಕ್ಕಾಗಿ ಇನ್ನೆಷ್ಟು ಕಾಲ ಕಾಯಬೇಕಾಗುತ್ತಿತ್ತೋ! ಹೆಣ್ಣುಮಕ್ಕಳ ಓದನ್ನು ನಡುವಿನಲ್ಲಿ ನಿಲ್ಲಿಸಬೇಕೆಂಬ ಯೋಚನೆಯು ಮನೆಯಲ್ಲಿ ಹುಟ್ಟುವಾಗ ತಂದೆತಾಯಿಗಳು ಈ ಚರಿತ್ರೆಯನ್ನು ಒಮ್ಮೆ ನೆನೆಯಬೇಕೆಂದು ನಾವು ಬೇಡಿಕೊಳ್ಳುತ್ತೇವೆ.