ಪಂಡಿತ್ ಸುಂದರಲಾಲ್: ತನ್ನವರ ತಪ್ಪನ್ನೂ ಬರೆದಿಟ್ಟ ದೇಶಭಕ್ತ



ರಾಜ್ಯದ ಬೇರೆ ಭಾಗದವರಿಗೆ ಸ್ವಾತಂತ್ರ್ಯದ ದಿನ ಒಂದೇ, ಆಗಸ್ಟ್ 15. ಕವಿತಾಳ, ಮಾನ್ವಿ, ದೇವದುರ್ಗ, ರಾಯಚೂರು ಸೀಮೆಯ ನಮಗೆ ಮಾತ್ರ ಎರಡು. 1947ರಲ್ಲಿ ದೇಶ ಸ್ವತಂತ್ರವಾದಾಗ ರಾಯಚೂರು ಜಿಲ್ಲೆ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ಅದರ ನೆನಪಿಗೆ ಇಂದಿಗೂ ಪ್ರತಿ ವರ್ಷ ಆ ದಿನ ನಮ್ಮ ಶಾಲೆಗಳಲ್ಲಿ ತ್ರಿವರ್ಣ ಧ್ವಜ ಹಾರುತ್ತದೆ. ಮೊದಲು ವಿಮೋಚನಾ ದಿನ ಎನ್ನುತ್ತಿದ್ದೆವು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಎನ್ನುತ್ತೇವೆ.

ಆ ದಿನದ ಭಾಷಣಗಳಲ್ಲಿ ರಜಾಕಾರರ ಹಾವಳಿಯ ವಿಷಯ ಬಂದೇ ಬರುತ್ತದೆ, ಬರಲೇಬೇಕು. ಆದರೆ ಆ ಮಾತು ಬಂದಾಗ ನಮ್ಮ ಕೆಲವು ಮಕ್ಕಳು ತಾವೇ ತಪ್ಪು ಮಾಡಿದವರಂತೆ ತಲೆ ತಗ್ಗಿಸುತ್ತಾರೆ. ಮನೆಗೆ ಹೋದರೆ ಅಜ್ಜ ಅಜ್ಜಿಯರ ಕಾಲದಿಂದ ಬಂದ ಇನ್ನೊಂದು ಮಾತು ಕೇಳುತ್ತಾರೆ, ಪೊಲೀಸ್ ಆ್ಯಕ್ಷನ್. ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಶಾಲೆಯಲ್ಲಿ ಒಂದು ಅರ್ಧ, ಮನೆಯಲ್ಲಿ ಇನ್ನೊಂದು ಅರ್ಧ. ಎರಡೂ ಅರ್ಧಗಳನ್ನು ಒಂದೇ ಕಾಗದದಲ್ಲಿ ಬರೆದಿಟ್ಟ ಒಬ್ಬ ಮಹನೀಯರಿದ್ದರು. ಅವರ ಜೀವನವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಪಂಡಿತ್ ಸುಂದರಲಾಲ್ ಹುಟ್ಟಿದ್ದು 1885ರಲ್ಲಿ, ಈಗಿನ ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಖತೌಲಿಯಲ್ಲಿ. ಹರೆಯದಲ್ಲೇ ಲಾಲಾ ಲಜಪತರಾಯ್ ಮತ್ತು ಬಾಲಗಂಗಾಧರ ತಿಲಕರ ಪ್ರಭಾವಕ್ಕೆ ಒಳಗಾದರು. ವಕೀಲಿಕೆಯೋ ಸರ್ಕಾರಿ ನೌಕರಿಯೋ ಹಿಡಿದು ಸುಖವಾಗಿರಬಹುದಿತ್ತು. ಅವರು ಹಿಡಿದದ್ದು ಪತ್ರಿಕೆಯ ಲೇಖನಿಯನ್ನು. ಅಲಹಾಬಾದಿನಿಂದ ಕರ್ಮಯೋಗಿ ಎಂಬ ಹಿಂದಿ ಪತ್ರಿಕೆ ನಡೆಸಿ ಬ್ರಿಟಿಷ್ ಸರ್ಕಾರದ ಕೋಪಕ್ಕೆ ಗುರಿಯಾದರು. ಮುಂದೆ ಗಾಂಧೀಜಿಯವರ ಅಹಿಂಸಾ ಮಾರ್ಗಕ್ಕೆ ಬಂದು ಕೊನೆಯವರೆಗೂ ಅದೇ ದಾರಿಯಲ್ಲಿ ನಡೆದರು.

1923ರಲ್ಲಿ ಜಬಲ್ಪುರದಲ್ಲಿ ಧ್ವಜ ಸತ್ಯಾಗ್ರಹ ಆರಂಭವಾಯಿತು. ಚರಕದ ಗುರುತಿದ್ದ ಸ್ವರಾಜ್ಯ ಧ್ವಜವನ್ನು ಹಾರಿಸುವುದೂ ಅದನ್ನು ಹಿಡಿದು ಬೀದಿಯಲ್ಲಿ ನಡೆಯುವುದೂ ಆಗ ಅಪರಾಧವಾಗಿತ್ತು. ಆ ಹೋರಾಟದ ಮುಂದಾಳುಗಳಲ್ಲಿ ಸುಂದರಲಾಲ್ ಒಬ್ಬರು. ಅದಕ್ಕಾಗಿ ಜೈಲಿಗೆ ಹೋದರು. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ದೇಶದ ಧ್ವಜಕ್ಕಾಗಿ ಜೈಲು ಕಂಡ ವ್ಯಕ್ತಿಯ ದೇಶಭಕ್ತಿಯನ್ನು ಯಾರೂ ಪ್ರಶ್ನಿಸಲಾರರು.

1929ರಲ್ಲಿ ಅವರ ದೊಡ್ಡ ಗ್ರಂಥ ಭಾರತ್ ಮೇ ಅಂಗ್ರೇಜಿ ರಾಜ್ ಪ್ರಕಟವಾಯಿತು. ಆಂಗ್ಲರು ಈ ದೇಶವನ್ನು ಹೇಗೆ ಕೈವಶ ಮಾಡಿಕೊಂಡರು, ಹಿಂದೂ ಮುಸ್ಲಿಮರ ನಡುವೆ ಹೇಗೆ ಒಡಕು ತಂದರು ಎಂಬುದನ್ನು ಅದರಲ್ಲಿ ವಿವರವಾಗಿ ಬರೆದಿದ್ದರು. ಪುಸ್ತಕ ಹೊರಬಂದ ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. 1931ರ ಮಾರ್ಚ್‌ನಲ್ಲಿ ಕಾನ್ಪುರದಲ್ಲಿ ಭೀಕರ ಕೋಮುಗಲಭೆ ನಡೆದು ಗಣೇಶ್ ಶಂಕರ್ ವಿದ್ಯಾರ್ಥಿಯವರಂಥ ಪುಣ್ಯಾತ್ಮರು ಬಲಿಯಾದರು. ಅದರ ತನಿಖೆಗೆ ಕಾಂಗ್ರೆಸ್ ನೇಮಿಸಿದ ಸಮಿತಿಗೆ ಡಾ. ಭಗವಾನ್ ದಾಸ್ ಅಧ್ಯಕ್ಷರು, ಸುಂದರಲಾಲ್ ಕಾರ್ಯದರ್ಶಿ. ಆ ವರದಿಯನ್ನೂ ಬ್ರಿಟಿಷರು ನಿಷೇಧಿಸಿದರು. ಗಲಭೆಯ ಊರಿಗೆ ಹೋಗಿ ಎರಡೂ ಕಡೆಯವರ ಮಾತು ಕೇಳಿ ಬರೆಯುವ ವಿದ್ಯೆಯನ್ನು ಅವರು ಕಲಿತದ್ದು ಅಲ್ಲಿ.

ಅವರು ಸಂಸ್ಕೃತ ಬಲ್ಲವರು, ಉರ್ದುವನ್ನು ಪ್ರೀತಿಸಿದವರು. ಗೀತೆ ಮತ್ತು ಕುರ್‌ಆನ್ ಕುರಿತು ಒಂದು ಪುಸ್ತಕವನ್ನೂ ಪ್ರವಾದಿ ಮುಹಮ್ಮದ್(ಸ) ಮತ್ತು ಇಸ್ಲಾಂ ಕುರಿತು ಇನ್ನೊಂದನ್ನೂ ಬರೆದರು. ಹಿಂದಿ ಮತ್ತು ಉರ್ದು ಎರಡನ್ನೂ ಕೂಡಿಸುವ ಹಿಂದುಸ್ತಾನಿ ಭಾಷೆಗಾಗಿ ದುಡಿದರು.

ಈಗ ನಮ್ಮ ಭಾಗದ ಕಥೆಗೆ ಬರೋಣ. 1947-48ರಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿಯ ನಾಯಕತ್ವದಲ್ಲಿ ರಜಾಕಾರರ ಪಡೆ ಬೆಳೆಯಿತು. ನಿಜಾಮರ ರಾಜ್ಯವನ್ನು ಪ್ರತ್ಯೇಕವಾಗಿ ಉಳಿಸುತ್ತೇವೆಂದು ಹೊರಟ ಈ ಪಡೆ ಹಳ್ಳಿಗಳಲ್ಲಿ ಹಣ ವಸೂಲಿ, ಲೂಟಿ, ಕೊಲೆ, ಸ್ತ್ರೀಯರ ಮೇಲೆ ಅತ್ಯಾಚಾರ ನಡೆಸಿತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಯಾರೂ ಮರೆಯುವಂತಿಲ್ಲ. ಇವರು ಮುಸ್ಲಿಮರ ಹೆಸರು ಹೇಳಿಕೊಂಡರು. ಆದರೆ ಮುಸ್ಲಿಮರೆಲ್ಲ ಇವರ ಹಿಂದೆ ಇರಲಿಲ್ಲ. ಇಮ್ರೋಜ್ ಪತ್ರಿಕೆಯ ಯುವ ಸಂಪಾದಕ ಶೋಯಬುಲ್ಲಾ ಖಾನ್ ರಜಾಕಾರರನ್ನು ಖಂಡಿಸಿ, ಹೈದರಾಬಾದ್ ಭಾರತಕ್ಕೆ ಸೇರಬೇಕೆಂದು ಬರೆದರು. 1948ರ ಆಗಸ್ಟ್‌ನಲ್ಲಿ ನಡುಬೀದಿಯಲ್ಲಿ ಅವರನ್ನು ಕೊಂದು, ಬರೆಯುವ ಕೈಯನ್ನು ಕತ್ತರಿಸಲಾಯಿತು.

ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ಸೇನೆ ನಡೆಸಿದ ಕಾರ್ಯಾಚರಣೆಗೆ ಪೊಲೀಸ್ ಆ್ಯಕ್ಷನ್ ಎಂಬ ಹೆಸರು ಬಂತು. ಐದು ದಿನಗಳಲ್ಲಿ ಎಲ್ಲ ಮುಗಿದು ಮೇಜರ್ ಜನರಲ್ ಜೆ.ಎನ್. ಚೌಧುರಿ ಸೇನಾ ಗವರ್ನರ್ ಆದರು. ಜನ ನೆಮ್ಮದಿಯ ಉಸಿರು ಬಿಟ್ಟರು. ಆದರೆ ಯುದ್ಧ ಮುಗಿದ ಮೇಲೆ ಹಲವು ಜಿಲ್ಲೆಗಳಲ್ಲಿ ಸೇಡಿನ ಬೆಂಕಿ ಎದ್ದಿತು. ರಜಾಕಾರರು ಓಡಿಹೋಗಿದ್ದ ಊರುಗಳಲ್ಲಿ ಅವರೊಡನೆ ಯಾವ ಸಂಬಂಧವೂ ಇಲ್ಲದ ಬಡ ಮುಸ್ಲಿಮರು ಸಿಕ್ಕಿಬಿದ್ದರು. ಈ ಸುದ್ದಿ ದೆಹಲಿಗೆ ಮುಟ್ಟಿದಾಗ ಪ್ರಧಾನಿ ನೆಹರೂ ಅವರ ಇಚ್ಛೆಯಂತೆ ಒಂದು ಸದ್ಭಾವನಾ ತಂಡ ಹೈದರಾಬಾದಿಗೆ ಬಂತು. ಅದರ ಮುಖ್ಯಸ್ಥರು 63 ವರ್ಷದ ಸುಂದರಲಾಲ್. ಜೊತೆಗಿದ್ದವರು ಪಯಾಮ್ ಪತ್ರಿಕೆಯನ್ನು ಸ್ಥಾಪಿಸಿದ ಪ್ರಸಿದ್ಧ ಉರ್ದು ಲೇಖಕ ಕಾಜಿ ಅಬ್ದುಲ್ ಗಫ್ಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ.

1948ರ ನವೆಂಬರ್ 29ರಂದು ಹೈದರಾಬಾದಿಗೆ ಬಂದ ತಂಡ ಡಿಸೆಂಬರ್ 21ರಂದು ದೆಹಲಿಗೆ ಮರಳಿತು. ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿತು. ತಾವು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರನ್ನು ಕರೆಸಿ ಮಾತನಾಡಿಸಿದರು. ವಿಧವೆಯರು, ಅನಾಥ ಮಕ್ಕಳು, ಕಾಂಗ್ರೆಸ್ಸಿನವರು, ಅಧಿಕಾರಿಗಳು, ಹಿಂದೂಗಳು, ಮುಸ್ಲಿಮರು ಎಲ್ಲರ ಮಾತನ್ನೂ ಕೇಳಿದರು.

ವರದಿಯಲ್ಲಿ ಅವರು ಏನು ಬರೆದರು? ರಜಾಕಾರರ ದೌರ್ಜನ್ಯವನ್ನು ಮುಚ್ಚಿಡಲಿಲ್ಲ, ಆ ಸೇಡೇ ಮುಂದಿನ ಅನಾಹುತಕ್ಕೆ ಕಾರಣವಾಯಿತೆಂದು ಗುರುತಿಸಿದರು. ಬಳಿಕ ಇಡೀ ಸಂಸ್ಥಾನದಲ್ಲಿ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿದರು. ಹೆಚ್ಚಿನ ಹಾನಿ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಆಗಿತ್ತು. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆಯಿಲ್ಲವೆಂದರು. ಲೂಟಿ ಕೊಲೆಗಳಲ್ಲಿ ಸ್ಥಳೀಯರೂ ಹೊರಗಿನಿಂದ ಬಂದ ಶಸ್ತ್ರಧಾರಿ ಗುಂಪುಗಳೂ ಇದ್ದವು. ಎಲ್ಲಕ್ಕಿಂತ ಕಷ್ಟದ ಮಾತನ್ನೂ ಅವರು ಬಿಡಲಿಲ್ಲ. ಕೆಲವು ಕಡೆ ಸೇನೆಯ ಮತ್ತು ಪೊಲೀಸ್ ಪಡೆಯ ಜನರೇ ಲೂಟಿಗೆ ಹುರಿದುಂಬಿಸಿದ್ದರು, ಕೆಲವು ಊರುಗಳಲ್ಲಿ ಮುಸ್ಲಿಂ ಗಂಡಸರನ್ನು ಹೊರಗೆ ಕರೆತಂದು ಕೊಂದಿದ್ದರು ಎಂದು ದಾಖಲಿಸಿದರು.

ಅದೇ ಲೇಖನಿಯಿಂದ ಇನ್ನೊಂದು ಪುಟವೂ ಬಂತು. ಮುಸ್ಲಿಮರಿಗೆ ಕಾವಲು ನಿಂತ ಸೇನಾಧಿಕಾರಿಗಳನ್ನು ಅವರು ಮೆಚ್ಚಿ ಬರೆದರು. ತಮ್ಮ ಜೀವವನ್ನೇ ಒತ್ತೆಯಿಟ್ಟು ನೆರೆಮನೆಯ ಮುಸ್ಲಿಮರನ್ನು ಬಚ್ಚಿಟ್ಟುಕೊಂಡ ಹಿಂದೂಗಳನ್ನು ನೆನೆದರು. ಕೆಲವು ಊರುಗಳಲ್ಲಿ ಹಿಂದೂ ನೇಕಾರರು ತಮ್ಮದೇ ಕಸುಬಿನ ಮುಸ್ಲಿಂ ನೇಕಾರರನ್ನು ಉಳಿಸಲು ಹೋಗಿ ತಾವೇ ಪ್ರಾಣ ಕೊಟ್ಟಿದ್ದರು. ಅಪಹರಣವಾದ ಮುಸ್ಲಿಂ ಹೆಣ್ಣುಮಕ್ಕಳನ್ನು ಹುಡುಕಿ ತರಲು ಎಷ್ಟೋ ಹಿಂದೂಗಳು ನೆರವಾಗಿದ್ದರು.

ಓದುಗರೇ, ಈ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಗೃಹಮಂತ್ರಿ ಸರ್ದಾರ್ ಪಟೇಲರು ಇದನ್ನು ಒಪ್ಪಲಿಲ್ಲ. ರಜಾಕಾರರ ಕಾಲದ ಅನ್ಯಾಯಕ್ಕೆ ಇದರಲ್ಲಿ ತಕ್ಕ ತೂಕವಿಲ್ಲವೆಂಬುದು ಅವರ ಆಕ್ಷೇಪ. ದಶಕಗಳ ಕಾಲ ವರದಿ ಕಡತದಲ್ಲೇ ಉಳಿಯಿತು. 1988ರಲ್ಲಿ ವಿದ್ವಾಂಸ ಉಮರ್ ಖಾಲಿದಿಯವರು ಸಂಪಾದಿಸಿದ ಗ್ರಂಥದಲ್ಲಿ ಅದರ ಭಾಗಗಳು ಬಂದವು. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಗುವಂತಾಯಿತು. ಅಂಕಿಗಳ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಊರೂರು ತಿರುಗಿ ಕೇಳಿ ಬರೆದ ಸಾಕ್ಷ್ಯವನ್ನು ಇಲ್ಲವೆನ್ನಲಾಗದು.

ಸುಂದರಲಾಲರು ವರದಿ ಸೋತಿತೆಂದು ದೇಶದ ಮೇಲೆ ಮುನಿಸಿಕೊಳ್ಳಲಿಲ್ಲ. 1951ರಲ್ಲಿ ಭಾರತದ ಸದ್ಭಾವನಾ ನಿಯೋಗವನ್ನು ಚೀನಾಕ್ಕೆ ಕರೆದೊಯ್ದರು. ಮುಂದೆ ಶಾಂತಿ ಚಳವಳಿಯಲ್ಲಿ ದುಡಿದು 1981ರಲ್ಲಿ ತೀರಿಕೊಂಡರು. ಕಾಜಿ ಅಬ್ದುಲ್ ಗಫ್ಫಾರ್ ಮರ್ಹೂಮರು ಅಂಜುಮನ್ ತರಕ್ಕಿ ಎ ಉರ್ದುವಿನ ಕಾರ್ಯದರ್ಶಿಯಾಗಿ 1956ರವರೆಗೆ ಭಾಷೆಯ ಸೇವೆ ಮಾಡಿದರು. ಇಬ್ಬರೂ ಭಾರತವನ್ನು ತಮ್ಮದೆಂದು ತಿಳಿದೇ ಪ್ರಶ್ನಿಸಿದವರು.

ಇವರ ಜೀವನದಿಂದ ನಾವು ಕಲಿಯುವುದೇನು? ಅಪರಾಧ ಬೇರೆ, ಹೊಣೆ ಬೇರೆ. ಅಪರಾಧ ಮಾಡಿದವನದು. ಪ್ರತಿಯೊಬ್ಬನೂ ತನ್ನ ಕರ್ಮಕ್ಕೆ ತಾನೇ ಉತ್ತರ ಕೊಡಬೇಕು ಎಂಬುದು ನಮ್ಮ ದೀನಿನ ಮೂಲ ತತ್ವ. ಕಾಸಿಂ ರಜ್ವಿಯ ಪಾಪ ಕವಿತಾಳದ ಏಳನೇ ತರಗತಿಯ ಹುಡುಗನದಲ್ಲ. ಯಾವುದೋ ಊರಿನಲ್ಲಿ ಸಿಪಾಯಿ ಮಾಡಿದ ಪಾಪ ಇಡೀ ಸೇನೆಯದಲ್ಲ, ಪಕ್ಕದ ಮನೆಯ ಹಿಂದೂ ಸಹೋದರನದಂತೂ ಅಲ್ಲವೇ ಅಲ್ಲ. ಆದರೆ ನನ್ನ ಹೆಸರು ಹೇಳಿಕೊಂಡು, ನನ್ನ ಧ್ವಜ ಹಿಡಿದು ಒಬ್ಬನು ತಪ್ಪು ಮಾಡಿದರೆ ಅದು ತಪ್ಪು ಎಂದು ಮೊದಲು ಹೇಳುವ ಹೊಣೆ ನನ್ನದು. ರಜಾಕಾರರ ವಿರುದ್ಧ ಶೋಯಬುಲ್ಲಾ ಹೊತ್ತದ್ದು ಆ ಹೊಣೆಯನ್ನೇ. ಧ್ವಜಕ್ಕಾಗಿ ಜೈಲು ಕಂಡ ಸುಂದರಲಾಲರು ಹೊತ್ತದ್ದೂ ಅದನ್ನೇ.

ಇದು ನಮಗೆ ಹೊಸ ಪಾಠವಲ್ಲ. ಹಿಜರಿ 8ರಲ್ಲಿ, ಮಕ್ಕಾ ವಿಜಯದ ನಂತರ, ಹಜ್ರತ್ ಖಾಲಿದ್ ಬಿನ್ ವಲೀದ್(ರ) ಅವರ ದಂಡು ಬನೂ ಜಜೀಮಾ ಎಂಬ ಬುಡಕಟ್ಟಿನ ಕಡೆಗೆ ಹೋಯಿತು. ಆ ಜನ ತಾವು ಇಸ್ಲಾಂ ಸ್ವೀಕರಿಸಿದ್ದನ್ನು ಹೇಳುವಾಗ ಸರಿಯಾದ ಪದ ತಿಳಿಯದೆ ಬೇರೊಂದು ಪದ ಬಳಸಿದರು. ಅದು ತಪ್ಪಾಗಿ ಅರ್ಥವಾಗಿ ಸೆರೆಯಾದವರನ್ನು ಕೊಲ್ಲುವ ಆಜ್ಞೆ ಹೊರಟಿತು. ಹಜ್ರತ್ ಅಬ್ದುಲ್ಲಾ ಬಿನ್ ಉಮರ್(ರ) ಆ ಆಜ್ಞೆಯನ್ನು ಪಾಲಿಸಲು ಒಪ್ಪಲಿಲ್ಲ. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಕೈಯೆತ್ತಿ, ಆ ಕೃತ್ಯಕ್ಕೂ ತಮಗೂ ಸಂಬಂಧವಿಲ್ಲವೆಂದು ಅಲ್ಲಾಹನ ಮುಂದೆ ಹೇಳಿಕೊಂಡರು. ಅಷ್ಟಕ್ಕೇ ಬಿಡಲಿಲ್ಲ. ಹಜ್ರತ್ ಅಲಿ(ರ) ಅವರನ್ನು ಹಣದೊಂದಿಗೆ ಕಳುಹಿಸಿ ಸತ್ತವರ ರಕ್ತಕ್ಕೂ ಕಳೆದ ಆಸ್ತಿಗೂ ಪರಿಹಾರ ಕೊಡಿಸಿದರು. ಆಜ್ಞೆ ಪಾಲಿಸದೆ ಉಳಿದ ಸೈನಿಕ, ತಪ್ಪನ್ನು ತಪ್ಪೆಂದ ನಾಯಕ, ನೊಂದವರ ಮನೆ ಬಾಗಿಲಿಗೆ ಹೋದ ಪರಿಹಾರ, ಮೂರೂ ಒಂದೇ ಘಟನೆಯಲ್ಲಿವೆ. ಇದರಿಂದ ಇಸ್ಲಾಮಿನ ಗೌರವ ಕುಗ್ಗಲಿಲ್ಲ, ಹೆಚ್ಚಿತು. ದೇಶಗಳ ವಿಷಯದಲ್ಲೂ ಇದೇ ಮಾತು ನಿಜ.

ಶಿಕ್ಷಕ ಬಂಧುಗಳಲ್ಲಿಯೂ ತಂದೆತಾಯಿಯರಲ್ಲಿಯೂ ನನ್ನದೊಂದು ವಿನಂತಿ. 1948ನ್ನು ಕಣ್ಣಾರೆ ಕಂಡವರು ಇಂದು ಎಂಬತ್ತು ದಾಟಿದ್ದಾರೆ, ಬಹಳ ಜನ ಉಳಿದಿಲ್ಲ. ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಅವರ ಬಳಿ ಕಳುಹಿಸಿ. ಮುಸ್ಲಿಂ ಹಿರಿಯರ ಬಳಿಯೂ ಹೋಗಲಿ, ಹಿಂದೂ ಹಿರಿಯರ ಬಳಿಯೂ ಹೋಗಲಿ. ರಜಾಕಾರರಿಂದ ನೊಂದವರ ಮಾತನ್ನೂ ಬರೆಯಲಿ, ನಂತರ ನೊಂದವರ ಮಾತನ್ನೂ ಬರೆಯಲಿ. ಯಾರು ಕೊಂದರು ಎಂಬುದರ ಜೊತೆಗೆ ಯಾರು ಯಾರನ್ನು ತಮ್ಮ ಮನೆಯಲ್ಲಿಟ್ಟು ಕಾಪಾಡಿದರು ಎಂಬುದನ್ನು ತಪ್ಪದೆ ಕೇಳಲಿ. ಉರ್ದುವಿನಲ್ಲಿ ಬರೆದರೂ ಸರಿ, ಕನ್ನಡದಲ್ಲಿ ಬರೆದರೂ ಸರಿ.

ಸೇಡಿಗಾಗಿ ಬರೆಯುವುದು ಬೇಡ, ಸಾಕ್ಷಿಗಾಗಿ ಬರೆಯಲಿ. ತನ್ನವರ ವಿರುದ್ಧವಾದರೂ ಸತ್ಯವನ್ನೇ ನುಡಿಯುವ ಧೈರ್ಯವನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.